ಒಂದೇ ಥರದ ಪುಸ್ತಕ ಓದೋಕೆ ಬುಕ್ ಕ್ಲಬ್ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪುರವಣಿಯಲ್ಲಿ ಬುಕ್ ಕ್ಲಬ್‌ಗಳ ಬಗ್ಗೆ ಒಂದು ಬರಹ ಬಂದಿತ್ತಲ್ಲ, ಅದರಲ್ಲಿ ಇದೆಲ್ಲ ಓದೋದಕ್ಕಿಂತ ಹೆಚ್ಚಾಗಿ ಫೋಟೋ ಹಾಕ್ಕೊಳ್ಳೋ ಖಯಾಲಿ, ಓದು ಅನ್ನೋದು ಒಬ್ಬರೇ ಕೂತು ಮಾಡೋ ಕೆಲಸ, ಗುಂಪು ಕಟ್ಕೊಂಡು ಮಾಡೋದಲ್ಲ ಅಂತ ಒಂದೇ ಏಟಿಗೆ ತೀರ್ಪು ಕೊಟ್ಟು ಮುಗಿಸಿಬಿಟ್ಟಿದ್ದಾರೆ. ಫೋಟೋ ವಿಷಯದಲ್ಲಿ ಅವರ ಮಾತು ಪೂರ್ತಿ ಸುಳ್ಳಲ್ಲ ಬಿಡಿ, ಮುಖಪುಟದ ಪಕ್ಕ ಕನ್ನಡಕ ಇಟ್ಟು ಸ್ಟೇಟಸ್ ಹಾಕಿ ಹತ್ತನೇ ಪುಟ ದಾಟದೆ ಇರೋರು ಎಲ್ಲಾ ಗುಂಪಲ್ಲೂ ಸಿಗ್ತಾರೆ. ಆದ್ರೆ ಒಬ್ಬರೇ ಕೂತು ಓದೋದ್ರಲ್ಲಿ ಇರೋ ತೊಂದರೆ ಬಗ್ಗೆ ಅವರು ಒಂದು ಮಾತೂ ಆಡಿಲ್ಲ, ಅದಕ್ಕೇ ಈ ಪತ್ರ.

ಒಬ್ಬೊಬ್ಬರೇ ಓದುವಾಗ ನಾವೆಲ್ಲ ನಮಗೆ ಒಗ್ಗಿದ್ದನ್ನೇ ಮತ್ತೆ ಮತ್ತೆ ಎತ್ಕೊಳ್ತೀವಿ. ಕಾದಂಬರಿಯವರಿಗೆ ಕಾದಂಬರಿ, ಇತಿಹಾಸದವರಿಗೆ ಇತಿಹಾಸ, ಪತ್ತೇದಾರಿ ಹುಚ್ಚಿನವರಿಗಂತೂ ಮೊದಲ ಅಧ್ಯಾಯದಲ್ಲಿ ಹೆಣ ಬೀಳದೇ ಇದ್ರೆ ಅದು ಪುಸ್ತಕವೇ ಅಲ್ಲ. ಆನ್‌ಲೈನ್‌ನಲ್ಲಿ ಕೊಳ್ಳೋಕೆ ಹೋದ್ರೂ ಅಷ್ಟೇ, ನೀವು ಇದನ್ನ ಕೊಂಡಿದ್ರಿ ಹಾಗಾದ್ರೆ ಇದೂ ಇಷ್ಟ ಆಗ್ಬಹುದು ಅಂತ ಅದೇ ಜಾತಿಯ ಇನ್ನೊಂದನ್ನ ಮುಂದೆ ತಳ್ತಾರೆ. ಬುಕ್ ಕ್ಲಬ್ ಬೇಕಾಗೋದು ಇಲ್ಲಿ. ನಾವಾಗಿ ಯಾವತ್ತೂ ಮುಟ್ಟದ ಒಂದು ಪುಸ್ತಕಾನ, ಗುಂಪಿನಲ್ಲಿ ಇನ್ಯಾರೋ ಆರಿಸಿದ್ದಾರೆ, ಓದದೇ ಹೋದ್ರೆ ಚೆನ್ನಾಗಿರಲ್ಲ ಅನ್ನೋ ದಾಕ್ಷಿಣ್ಯಕ್ಕೆ ಓದ್ತೀವಲ್ಲ, ಆ ದಾಕ್ಷಿಣ್ಯವೇ ಕ್ಲಬ್ಬಿನ ಬಂಡವಾಳ. ಎಲ್ಲರಿಗೂ ಇಷ್ಟ ಆಗೋ ಪುಸ್ತಕವನ್ನೇ ಹುಡುಕಿ ಹುಡುಕಿ ಓದೋ ಗುಂಪಿಗೆ ಆ ಬಂಡವಾಳ ಖರ್ಚೇ ಆಗಲ್ಲ.

ನಮ್ಮ ಗುಂಪಿನಲ್ಲಿ ಒಂದು ಸಲ ಒಬ್ಬರ ಆತ್ಮಕಥೆ ಓದಿದ್ವಿ, ಯಾರದು ಅನ್ನೋದು ಇಲ್ಲಿ ಬೇಡ. ಬಡತನ, ಕಷ್ಟ, ಹಟ, ಗೆಲುವು, ಭಾಷೆಯೂ ಚೆನ್ನಾಗಿತ್ತು, ಇನ್ನೇನು ಎಲ್ಲರೂ ಹೊಗಳಿ ಎದ್ದು ಹೋಗೋದು ಅನ್ನೋಷ್ಟರಲ್ಲಿ ಆಡಿಟ್ ಕೆಲಸದಿಂದ ರಿಟೈರ್ ಆದ ಹಿರಿಯರೊಬ್ಬರು, ಸಾಮಾನ್ಯವಾಗಿ ಬಾಯೇ ಬಿಡದವರು, ತಮ್ಮ ಪ್ರತಿ ತೆಗೆದು ಮುಂದಿಟ್ರು. ಪ್ರತಿ ಪುಟದ ಅಂಚಲ್ಲೂ ಪೆನ್ಸಿಲ್‌ನಲ್ಲಿ ಇಸವಿ ಗುರುತು ಹಾಕ್ಕೊಂಡು ಬಂದಿದ್ರು. "ಈ ಅಧ್ಯಾಯ ಮುಗಿಯುವಾಗ ಮಗಳಿಗಿನ್ನೂ ಹಾಲುಹಲ್ಲು, ಮುಂದಿನದು ಶುರುವಾಗುವಾಗ ಕಾಲೇಜಿಗೆ ಹೋಗ್ತಿದಾಳೆ. ನಡುವಿನ ಲೆಕ್ಕ ಎಲ್ರೀ?" ಅಂದ್ರು. ಎಲ್ಲರೂ ಗಡಿಬಿಡಿಯಲ್ಲಿ ಪುಟ ತಿರುವಿದ್ರು, ಹೌದು, ನಿಜಕ್ಕೂ ಇಲ್ಲ. ಹೆಂಡತಿ ಬರೋದು ಒಂದೇ ಸಾಲಲ್ಲಿ, ಅದೂ ಮನೆ ಬದಲಾಯಿಸಿದ ಸುದ್ದಿಯ ಜೊತೆಗೆ. ನರ್ಸ್ ಆಗಿರೋ ಒಬ್ಬರು, ಮಗು ಬೆಳೆದಿದ್ದನ್ನ ಆ ಮನುಷ್ಯ ನೋಡೇ ಇಲ್ಲ ಸರ್, ಬರೆಯೋದು ಎಲ್ಲಿಂದ ಅಂದ್ರು. ಅದಕ್ಕೆ ಕಾಲೇಜು ಹುಡುಗನೊಬ್ಬ, ಅಲ್ಲ ಮೇಡಂ, ಮಗಳೇ ನನ್ನ ವಿಷಯ ಬರೀಬೇಡಿ ಅಂತ ಕೇಳ್ಕೊಂಡಿರಬಹುದಲ್ವಾ, ಆತ್ಮಕಥೆ ಬರೆಯೋರಿಗೆ ತಮ್ಮ ಬದುಕಿನ ಮೇಲೆ ಹಕ್ಕಿರುತ್ತೆ, ಮನೆಯವರ ಬದುಕಿನ ಮೇಲೆ ಎಲ್ಲಿರುತ್ತೆ ಅಂತ ತಿರುಗಿ ಹಾಕಿದ. ಆಮೇಲೆ ಶುರುವಾಯ್ತು ನೋಡಿ ನಿಜವಾದ ಚರ್ಚೆ. ಒಬ್ಬನೇ ಓದಿದ್ದಿದ್ರೆ ನಾನು ಆ ಹಿರಿಯರ ಲೆಕ್ಕವೂ ಕೇಳ್ತಿರಲಿಲ್ಲ, ಆ ಹುಡುಗನ ವಾದವೂ ಹೊಳೀತಿರಲಿಲ್ಲ.

ಇದು ಈಗಿನ ಫ್ಯಾಷನ್ ಅನ್ನೋರಿಗೆ ಒಂದು ಹಳೇ ಕಥೆ. ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗೆಳೆಯರನ್ನ ಸೇರಿಸಿ ಜುಂಟೋ ಅಂತ ಒಂದು ಕೂಟ ಕಟ್ಟಿದ್ದ. ಶುಕ್ರವಾರ ಸಂಜೆ ಸೇರೋರು, ದೊಡ್ಡ ಪಂಡಿತರೇನಲ್ಲ, ಕಿಟಕಿ ಗಾಜು ಕೂರಿಸೋನು, ಬೂಟು ಹೊಲಿಯೋದು ಕಲಿತವನು, ಮರಗೆಲಸದವನು ಇಂಥವರು. ಸರದಿ ಬಂದಾಗ ಚರ್ಚೆಗೆ ಪ್ರಶ್ನೆ ತರಬೇಕು, ಮೂರು ತಿಂಗಳಿಗೊಮ್ಮೆ ಸ್ವಂತ ಪ್ರಬಂಧ ಬರೆದು ಓದಬೇಕು. ನನಗೆ ಭಾಳ ಇಷ್ಟ ಆಗಿದ್ದು ಅಂದ್ರೆ ಅವರ ದಂಡದ ಪದ್ಧತಿ, ನಾನು ಹೇಳಿದ್ದೇ ಖಂಡಿತ ಸರಿ ಅನ್ನೋ ಧಾಟಿಯಲ್ಲಿ ಮಾತಾಡಿದ್ರೆ ಅಥವಾ ಎದುರಿನವನ ಮಾತನ್ನ ಮುಖಕ್ಕೆ ಹೊಡೆದ ಹಾಗೆ ಅಲ್ಲಗಳೆದ್ರೆ ಸಣ್ಣ ಮೊತ್ತದ ಜುಲ್ಮಾನೆ ಕಟ್ಟಬೇಕಿತ್ತು. (ನಮ್ಮ ಗುಂಪಲ್ಲಿ ಇದನ್ನ ತಂದ್ರೆ ವರ್ಷದ ಪುಸ್ತಕಗಳಿಗೆ ಬೇಕಾದ ದುಡ್ಡು ಇಬ್ಬರಿಂದಲೇ ವಸೂಲಿ ಆಗುತ್ತೆ, ಅವರು ಈ ಪತ್ರಿಕೆ ತರಿಸ್ತಾರೆ, ಹೆಸರು ಹೇಳಲ್ಲ.) ಆ ಕೂಟದವರು ಎಲ್ಲರ ಪುಸ್ತಕಾನೂ ಒಂದೇ ಕಡೆ ತಂದಿಟ್ಟು ಹಂಚ್ಕೊಂಡು ಓದೋಕೆ ನೋಡಿದ್ರು, ಸರಿಯಾಗಿ ಜೋಪಾನ ಮಾಡೋರಿಲ್ದೆ ಸುಮಾರು ಒಂದು ವರ್ಷಕ್ಕೆ ಅವರವರ ಪುಸ್ತಕ ಅವರವರ ಮನೆಗೆ ವಾಪಸ್ ಹೋಯ್ತು, ಅಂದ್ರೆ ಕೊಟ್ಟ ಪುಸ್ತಕ ಕೆಟ್ಟು ಬರೋ ಗೋಳು ಆಗಲೂ ಇತ್ತು ಅಂತಾಯ್ತು! ಅದರ ಬದಲಿಗೆ 1731ರಲ್ಲಿ ಚಂದಾ ಎತ್ತಿ ಶುರು ಮಾಡಿದ ಲೈಬ್ರರಿ ಮಾತ್ರ ಇವತ್ತಿಗೂ ನಡೀತಿದೆ.

ಬುಕ್ ಕ್ಲಬ್‌ಗಳು ಸಾಯೋದು ಓದದೇ ಬರೋರಿಂದ ಅಲ್ಲ, ಭಾಷಣ ಮಾಡೋರಿಂದ. ಒಬ್ಬರು ವಿಮರ್ಶೆ ಪುಸ್ತಕ ಎಲ್ಲ ಅರೆದು ಕುಡಿದು ಬಂದು ಅರ್ಧ ಗಂಟೆ ಒದರಿದ್ರೆ ಮಿಕ್ಕವರಿಗೆ ತಾವು ಓದಿದ್ದೇ ತಪ್ಪೇನೋ ಅನ್ಸಿಬಿಡುತ್ತೆ, ಮುಂದಿನ ಸಲ ಬರೋದೇ ಇಲ್ಲ. 1947ರಲ್ಲಿ ಶಿಕಾಗೋದಲ್ಲಿ ರಾಬರ್ಟ್ ಹಚಿನ್ಸ್, ಮಾರ್ಟಿಮರ್ ಆಡ್ಲರ್ ಸೇರಿ ಒಳ್ಳೊಳ್ಳೇ ಕೃತಿಗಳನ್ನ ಗುಂಪಲ್ಲಿ ಓದಿ ಚರ್ಚೆ ಮಾಡೋಕೆ ಗ್ರೇಟ್ ಬುಕ್ಸ್ ಫೌಂಡೇಶನ್ ಅಂತ ಒಂದು ಸಂಸ್ಥೆ ಶುರು ಮಾಡಿದ್ರು, ಅಲ್ಲಿನ ಚರ್ಚೆಯ ಪದ್ಧತಿಯಲ್ಲಿ ಒಂದು ಒಳ್ಳೇ ಮಾತಿದೆ, ಚರ್ಚೆ ನಡೆಸೋರು ತಮಗೇ ಉತ್ತರ ಖಾತ್ರಿ ಇಲ್ಲದ ಪ್ರಶ್ನೆಯನ್ನ ಮಾತ್ರ ಕೇಳಬೇಕು. ಮಾಡಿ ನೋಡಿ, ಎಷ್ಟು ವ್ಯತ್ಯಾಸ ಆಗುತ್ತೆ ಅಂತ. ಈ ಕಾದಂಬರಿಯ ಸಂದೇಶ ಏನು ಅಂತ ಕೇಳಿದ್ರೆ ಪರೀಕ್ಷೆ ಹಾಲ್‌ನಲ್ಲಿ ಕೂತ ಹಾಗೆ ಎಲ್ಲರೂ ತಲೆ ತಗ್ಗಿಸ್ತಾರೆ, ಅದರ ಬದಲು ಕಥೆಯಲ್ಲಿ ಅಣ್ಣ ಆ ಕಾಗದ ಸುಟ್ಟಿದ್ದು ಸಿಟ್ಟಿಗೋ ಹೆದರಿಕೆಗೋ ಅಂತ ಕೇಳಿ, ಮೂಲೆಯಲ್ಲಿ ಕೂತೋರೂ ಪುಟ ಹುಡುಕೋಕೆ ಶುರು ಮಾಡ್ತಾರೆ.

ಇನ್ನು ಬೇರೆ ಬೇರೆ ಥರದ್ದು ಓದೋಣ ಅಂತ ತೀರ್ಮಾನ ಮಾಡಿದ್ಮೇಲೆ ಎಲ್ಲದಕ್ಕೂ ಒಂದೇ ರೀತಿ ಚರ್ಚೆ ಸಾಲಲ್ಲ. ಕವನ ಸಂಕಲನ ಪೂರ್ತಿ ಹಿಡ್ಕೊಂಡ್ರೆ ಯಾವುದೂ ಕೈಗೆ ಹತ್ತಲ್ಲ, ಎರಡೋ ಮೂರೋ ಕವಿತೆ ಆರಿಸಿ ಗಟ್ಟಿಯಾಗಿ ಬೇರೆ ಬೇರೆ ಬಾಯಲ್ಲಿ ಓದಿಸಬೇಕು, ಒಬ್ಬರು ನಿಲ್ಲಿಸೋ ಕಡೆ ಇನ್ನೊಬ್ಬರು ನಿಲ್ಲಿಸಲ್ಲ, ಚರ್ಚೆ ಅಲ್ಲಿಂದಾನೇ ಹುಟ್ಟುತ್ತೆ. ನಾಟಕ ಆದ್ರೆ ಪಾತ್ರ ಹಂಚ್ಕೊಂಡು ಓದೋದು, ಮನೆಯಲ್ಲಿ ಓದಿದಾಗ ಸಪ್ಪೆ ಅನ್ಸಿದ ಮಾತು ಬಾಯಿಗೆ ಬಂದ ತಕ್ಷಣ ಚುರುಕಾಗುತ್ತೆ. ವಿಜ್ಞಾನದ ಪುಸ್ತಕಕ್ಕೆ ಬಂದ್ರೆ, ಆ ವಿಷಯ ಗೊತ್ತಿಲ್ಲದವರ ಕೈಲೇ ಒಂದು ಅಧ್ಯಾಯ ವಿವರಿಸೋಕೆ ಹೇಳಿ, ಎಲ್ಲಿ ತಡವರಿಸ್ತಾರೋ ಅಲ್ಲಿ ಲೇಖಕರೇ ಜಾರಿಸಿಕೊಂಡು ಹೋಗಿರೋದು ಎಷ್ಟೋ ಸಲ ಗೊತ್ತಾಗುತ್ತೆ. ಆಡಿಯೋಬುಕ್ ಕೇಳಿದ್ರೆ ಓದಿದ ಹಾಗಾ ಅಂತ ಜಗಳ ಎಲ್ಲಾ ಕಡೆ ಇದ್ದಿದ್ದೇ, ನನ್ನ ಪ್ರಕಾರ ಆಗುತ್ತೆ, ಕಣ್ಣು ಮಂಜಾದೋರನ್ನ, ದಿನಾ ಗಂಟೆಗಟ್ಟಲೆ ಬಸ್ಸಲ್ಲಿ ಓಡಾಡೋರನ್ನ ಹೊರಗಿಟ್ಟು ಯಾವ ಓದು ಉದ್ಧಾರ ಆಗ್ಬೇಕು.

ಪುಸ್ತಕ ಹಿಡಿಸದೇ ಹೋದ್ರೆ? ಅಮೆರಿಕದ ಲೈಬ್ರೇರಿಯನ್ ನ್ಯಾನ್ಸಿ ಪರ್ಲ್ ಇದಕ್ಕೊಂದು ಸೂತ್ರ ಹೇಳಿದ್ದಾರೆ, 50 ಪುಟ ಓದಿ, ಆಗಲೂ ರುಚಿಸದಿದ್ರೆ ಬಿಟ್ಬಿಡಿ, ನಿಮಗೆ 50 ದಾಟಿದ್ರೆ 100ರಲ್ಲಿ ನಿಮ್ಮ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದ್ರೆ ಸಾಕು. ಅಂದ್ರೆ 70 ವರ್ಷದವರಿಗೆ 30 ಪುಟದಲ್ಲೇ ಬಿಡುಗಡೆ. ನಾನು ಇದಕ್ಕೆ ಸೇರಿಸೋದು ಇಷ್ಟೇ, ಬಿಟ್ಟೋರು ಮನೇಲಿ ಕೂರಬಾರದು, ಬಂದು ಯಾವ ಪುಟದಲ್ಲಿ ಯಾಕೆ ಬಿಟ್ರಿ ಅಂತ ಹೇಳಬೇಕು, ಮತ್ತೆ ಮೊದಲ ಮಾತು ಅವರದೇ ಆಗಬೇಕು. ಇಷ್ಟಪಟ್ಟೋರು ಶುರು ಮಾಡಿದ್ರೆ ಇಷ್ಟ ಆಗದೋರು ಸುಮ್ನೆ ತಲೆ ಆಡಿಸಿ ಹೋಗ್ತಾರೆ. ಇದೇ ಕಾರಣಕ್ಕೆ ಲೇಖಕರನ್ನ ಮೊದಲೇ ಕರೆದು ಕೂರಿಸಿಕೊಳ್ಳೋದು ನನಗೆ ಸರಿ ಬರಲ್ಲ, ಅವರ ಮುಖ ನೋಡ್ಕೊಂಡು ಎರಡನೇ ಭಾಗ ಬೋರ್ ಆಯ್ತು ಅಂತ ಹೇಳೋ ಧೈರ್ಯ ಯಾರಿಗಿರುತ್ತೆ? ಚರ್ಚೆ ಎಲ್ಲ ಮುಗಿದ ಮೇಲೆ ಬರಲಿ, ಬೇಕಾದ್ರೆ ಉತ್ತರ ಕೊಡಲಿ.

ಈಗ ನಿಮಗೆ ಒಂದು ಮನವಿ. ನಿಮ್ಮ ಪುರವಣಿಯಲ್ಲಿ ಬರೋ ಪುಸ್ತಕ ವಿಮರ್ಶೆಗಳು ಬರೋ ಹೊತ್ತಿಗೆ ನಾವ್ಯಾರೂ ಆ ಪುಸ್ತಕ ಓದಿರಲ್ಲ, ಓದಿದ ಮೇಲೆ ನಮಗೆ ಏನನ್ಸಿತು ಅಂತ ಹೇಳೋಕೆ ಜಾಗ ಇರಲ್ಲ. 1998ರಲ್ಲಿ ಅದೇ ನ್ಯಾನ್ಸಿ ಪರ್ಲ್ ಮತ್ತವರ ಜೊತೆಯವರು ಸಿಯಾಟಲ್ ನಗರದಲ್ಲಿ ಇಡೀ ಊರು ಒಂದೇ ಪುಸ್ತಕ ಓದಿದ್ರೆ ಹೇಗೆ ಅಂತ ಒಂದು ಪ್ರಯೋಗ ಮಾಡಿದ್ರು, ಆಮೇಲೆ ಎಷ್ಟೋ ಊರುಗಳು ಅದನ್ನೇ ಹಿಡಿದವು. ಪತ್ರಿಕೆಗೆ ಇದು ಇನ್ನೂ ಸುಲಭ. ತಿಂಗಳ ಮೊದಲ ವಾರ ಒಂದು ಪುಸ್ತಕದ ಹೆಸರು ಹಾಕಿ, ಹೊಸದೇ ಆಗಬೇಕಂತಿಲ್ಲ, ಲೈಬ್ರರಿಯಲ್ಲಿ ಸಿಗೋ ಹಾಗಿದ್ರೆ ಸಾಕು, ಜೊತೆಗೆ ಉತ್ತರ ಗೊತ್ತಿಲ್ಲದ ಎರಡು ಪ್ರಶ್ನೆ ಹಾಕಿ, ಕೊನೇ ವಾರ ಓದುಗರು ಬರೆದಿದ್ದರಲ್ಲಿ ಒಂದಕ್ಕೊಂದು ಒಪ್ಪದ ಪತ್ರಗಳನ್ನ ಅಕ್ಕಪಕ್ಕದಲ್ಲೇ ಛಾಪಿಸಿ, ಹೊಗಳಿಕೆಯವನ್ನ ಮಾತ್ರ ಆರಿಸಬೇಡಿ. ಮತ್ತೆ ಮೊದಲ ತಿಂಗಳೇ ಕಾದಂಬರಿ ಬೇಡ, ಅದನ್ನ ಹೇಗಿದ್ರೂ ಓದ್ತಾರೆ. ಇರುವೆಗಳ ಬಗ್ಗೆನೋ, ನಕ್ಷೆಗಳ ಚರಿತ್ರೆ ಬಗ್ಗೆನೋ ಒಂದು ಪುಸ್ತಕ ಕೊಡಿ, ಯಾರು ಯಾರು ಬರೀತಾರೆ ನೋಡೇಬಿಡೋಣ.

ಇಂತಿ,
ನಿಮ್ಮ ಹಳೇ ಓದುಗ