ಕಣ್ಣು ಬಿಡದ ದೇವರು

ಲೋ ಸೀನ,

ನೀನು ಬರೆದ ನಂದಿ ಚಿತ್ರ ನೋಡಿದೆ. ಎಲ್ಲರ ಮುಂದೆಯೇ ಬೈತೀನಿ, ತಡ್ಕೊ. ಅದು ಚಾಮುಂಡಿ ಬೆಟ್ಟದ ನಂದಿಯಲ್ಲ ಕಣೋ, ಮಳೇಲಿ ನೆಂದ ಎಮ್ಮೆ. ಮೊದಲಿಂದಲೂ ನಿನ್ನದು ಇದೇ ಕತೆ.

6ಬಿ ಅನ್ನೋ ಮೆತ್ತನೆ ಪೆನ್ಸಿಲಿನಲ್ಲಿ ಮೈಯೆಲ್ಲ ತುಂಬಿ, ಕಪ್ಪು ಸಾಲದೆ ಮೇಲೆ ಇದ್ದಿಲು ಉಜ್ಜಿದೀಯ. ಪೆನ್ಸಿಲಿನ ಗ್ರಾಫೈಟ್ ಜಾರುತ್ತೆ. ಕಾಗದದ ತರಿ ಮುಚ್ಚಿಹೋದ ಮೇಲೆ ಇದ್ದಿಲಿಗೆ ಹಿಡಿತ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಪೆನ್ಸಿಲ್ ಬೆಳಕಿಗೆ ಮಿನುಗಿ ಕಪ್ಪನ್ನು ಬೂದು ಮಾಡುತ್ತೆ. 17ನೇ ಶತಮಾನದಿಂದ ಎಣ್ಣೆ ಕುಡಿದ ಏಕಶಿಲೆಯಪ್ಪ ಅದು! ಆ ಹೊಳಪನ್ನು ಹಾಕೋಕಾಗಲ್ಲ, ಕಾಗದದ ಬಿಳಿಯನ್ನೇ ಉಳಿಸ್ಕೋಬೇಕು. ಕಡುಕಪ್ಪಿಗೆ ಪುಡಿ ಒತ್ತಿ ಮಾಡಿದ ಇದ್ದಿಲ ಕಡ್ಡಿ, ಮಧ್ಯದ ಛಾಯೆಗೆ ಬರೀ ಸುಟ್ಟ ಕಡ್ಡಿಯ ಇದ್ದಿಲು, ಗಂಟೆಸರದ ಅಂಚಿಗೆ ಮಾತ್ರ ಪೆನ್ಸಿಲ್. ಒತ್ತಿದ ಇದ್ದಿಲಲ್ಲಿ ಅಂಟು ಇರುತ್ತೆ, ಒಮ್ಮೆ ಕೂತರೆ ಪೂರ್ತಿ ಅಳಿಯಲ್ಲ. ಬೆರಳಲ್ಲಿ ಉಜ್ಜಬೇಡ, ಚರ್ಮದ ಜಿಡ್ಡು ಕಲೆಯಾಗುತ್ತೆ. ಇದ್ದಿಲು ಉದುರದಂತೆ ಹಿಡಿಯೋ ಫಿಕ್ಸೆಟಿವ್ ಸ್ಪ್ರೇ ಒಂದಡಿ ದೂರದಿಂದ, ತೆಳ್ಳಗೆ ಎರಡು ಮೂರು ಸಲ; ಹತ್ತಿರ ಹಿಡಿದರೆ ಹನಿ ಬಿದ್ದು ಎಲ್ಲ ಹಾಳು.

ನಮ್ಮ ಮೈಸೂರು ಶೈಲಿಯ ಹಳೇ ಚಿತ್ರಗಾರರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಇದ್ದಿಲು ಮಾಡ್ಕೊತಿದ್ದರು. ಗಾಳಿ ಆಡಿದರೆ ಕೈಗೆ ಬರೋದು ಬೂದಿ. ಅವರಿಗೆ ಅದು ಕರಡು ಚಿತ್ರಕ್ಕಷ್ಟೇ, ಆಮೇಲೆ ಬಣ್ಣ, ಚಿನ್ನದ ರೇಕು. ನಾವು ಕರಡು ಚಿತ್ರಕ್ಕೇ ಫ್ರೇಮ್ ಹಾಕ್ತೀವಿ.

ಸೋಮನಾಥಪುರದ ಗೋಡೆಯ ವಿಷ್ಣುವಿಗೆ ಕೈ ಹಾಕ್ತೀನಿ ಅಂದೆಯಲ್ಲ, ಟ್ರೇಸಿಂಗ್ ಹಾಳೆ ಮಗುಚಿ ಅಚ್ಚು ಒತ್ತಬೇಡ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಲಿದೆ ಅನ್ನೋದರ ಮೇಲೆ ಅವನಿಗೆ 24 ಹೆಸರು. ಎಡಬಲ ಅದಲುಬದಲಾದರೆ ಕೇಶವ ಇನ್ಯಾರೋ ಆಗಿರ್ತಾನೆ.

ಕಣ್ಣು ಕೊನೆಗೆ. ಶಿಲ್ಪಿಗಳ ಪದ್ಧತಿ ಅಂತ ಜಂಬ ಕೊಚ್ಕೋತೀನಲ್ಲ, ನಿಜ ಹೇಳಲಾ? ಕಣ್ಣು ಬಿಟ್ಟ ದೇವರನ್ನು ಹರಿಯೋಕೆ ಕೈ ಬರಲ್ಲ. ಕಣ್ಣಿಲ್ಲದಿದ್ದರೆ ಬರೀ ಕಾಗದ. ಹಾಗೇ ಮುಂದೂಡಿ ಮುಂದೂಡಿ, ಈಗ ಮಂಚದಡಿಯ ಹಾಳೆಗಳಲ್ಲಿ ಒಬ್ಬರಿಗೂ ಕಣ್ಣಿಲ್ಲ. ಭಕ್ತಿ ಅಂದ್ಕೊಂಡಿದ್ದೆ. ಕೆಟ್ಟೀತು ಅನ್ನೋ ಪುಕ್ಕಲುತನ ಕಣೋ. ಇನ್ನೂ ಒಂದಿದೆ. ಗಂಟೆಗಟ್ಟಲೆ ಆ ಮುಖದ ಮುಂದೆ ಕೂರ್ತೀನಿ, ಒಂದು ಸಲವೂ ಕೈ ಮುಗಿಯಬೇಕು ಅನ್ನಿಸಿಲ್ಲ.

ಸಾಕು ಬಿಡು. ಇದನ್ನೋದಿ ಅಮ್ಮ ಫೋನ್ ಮಾಡಿದರೆ ನೀನೇ ಮಾತಾಡು. ನಿನ್ನ ಎಮ್ಮೆಗಾದರೂ ಎರಡು ಕಣ್ಣಿದೆ, ಮೆಳ್ಳೆಗಣ್ಣಾದರೇನಂತೆ.

ಇತಿ,
ಮಸಿಮೂತಿ