ಫೋಟೊ ಮಸುಕಾಗಿ ಬಂದವರನ್ನು ಕೈಬಿಡಬೇಡಿ

ಮಾನ್ಯರೇ,

ಶುಗರ್ ಇರುವವರ ಕಣ್ಣಿನ ಫೋಟೊ ನೋಡಿ ರೆಟಿನಾ (ಕಣ್ಣಿನ ಒಳಪರದೆ) ಕೆಟ್ಟಿದೆಯೇ ಎಂದು ಹೇಳುವ ಎಐ ಕ್ಯಾಮೆರಾಗಳ ಬಗ್ಗೆ ಈಗ ಎಲ್ಲೆಡೆ ಮಾತು. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿದ್ದು ನಿವೃತ್ತಳಾದ ನನಗೆ ಇದು ಖುಷಿಯ ವಿಷಯ. ಈ ಕಾಯಿಲೆ ಶುರುವಾದಾಗ ನೋವಿರುವುದಿಲ್ಲ, ದೃಷ್ಟಿಯೂ ಚೆನ್ನಾಗಿರುತ್ತದೆ. ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ರೆಟಿನಾ ತಜ್ಞರು ಇರುವುದೋ ದೊಡ್ಡ ಊರುಗಳಲ್ಲಿ. ನರ್ಸ್ ಒಬ್ಬರು ಫೋಟೊ ತೆಗೆದರೆ ಸಾಕು ಎಂದರೆ ಹಳ್ಳಿಯವರಿಗೆ ಎಷ್ಟು ಅನುಕೂಲ, ಅಲ್ವಾ?

ಆದರೆ ಫೋಟೊ ಸರಿಯಾಗಿ ಬರದವರ ಗತಿ ಏನು?

ಪೊರೆ ಬಂದ ಕಣ್ಣಿನ ಒಳಚಿತ್ರ ಮಸುಕಾಗಿರುತ್ತದೆ. ವಯಸ್ಸಾದವರ ಪಾಪೆ ಸಣ್ಣದು, ಕೋಣೆ ಕತ್ತಲಾಗದಿದ್ದರೆ ಇನ್ನೂ ಕಷ್ಟ. ಥಾಯ್ಲೆಂಡ್‌ನ 11 ಕ್ಲಿನಿಕ್‌ಗಳಲ್ಲಿ ಗೂಗಲ್‌ನ ಇಂಥ ತಂತ್ರಾಂಶ ಬಳಸಿ ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಯಂತ್ರ ಓದಲೇ ಇಲ್ಲ. ಕೋಣೆಯ ಬೆಳಕು ಸರಿಯಿಲ್ಲದಿದ್ದುದು ಒಂದು ಕಾರಣ. ಚಿತ್ರ ಓದಲಾಗದವರು ಇನ್ನೊಂದು ದಿನ ಬೇರೆ ಕಡೆ ತಜ್ಞರನ್ನು ನೋಡಲು ಹೋಗಬೇಕಿತ್ತು. ಕೂಲಿ ಬಿಟ್ಟು ಬರುವವರಿಗೆ ಅದು ಸುಲಭವೇ?

ಈಚೆಗೆ ನಮ್ಮ ಬಡಾವಣೆಯ ಶಿಬಿರವೊಂದಕ್ಕೆ ಹೋಗಿದ್ದೆ. ಅಜ್ಜಿಯೊಬ್ಬರ ಎರಡೂ ಕಣ್ಣಿನಲ್ಲಿ ಪೊರೆ. ಎಷ್ಟು ಸಲ ತೆಗೆದರೂ ಫೋಟೊ ಬರಲಿಲ್ಲ. ಮತ್ತೆ ಚಿತ್ರ ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಚೀಟಿ ಬಂತು. ಅದನ್ನೇ ಅವರ ಕೈಗೆ ಕೊಟ್ಟು ಕಳಿಸಿದರು. 'ಏನೂ ತೊಂದ್ರೆ ಇಲ್ಲ ಅಂತ ತಾನೇ ಕಣಮ್ಮ ಬರೆದಿರೋದು?' ಎಂದು ಅಜ್ಜಿ ನನ್ನನ್ನು ಕೇಳಿದರು. ನನಗೆ ಹೊಟ್ಟೆ ಉರಿಯಿತು. ಮೊದಲು ವೈದ್ಯರ ಹತ್ತಿರ ಹೋಗಬೇಕಾದವರೇ ಅವರು. ಚಿತ್ರ ಓದಲಾಗದವರನ್ನೆಲ್ಲ ಕಡ್ಡಾಯವಾಗಿ ವೈದ್ಯರ ಬಳಿ ಕಳಿಸಬೇಕು. ಚೀಟಿ ಕನ್ನಡದಲ್ಲಿರಬೇಕು. ರೆಟಿನಾ ಚೆನ್ನಾಗಿದೆ ಎಂದು ಬಂದರೂ ಗ್ಲಾಕೋಮಾ (ಕಣ್ಣಿನ ನರ ಹಾಳುಮಾಡುವ ಕಾಯಿಲೆ), ಪೊರೆ ನೋಡಿಲ್ಲವಾದರೆ ಅದನ್ನೂ ಬರೆಯಬೇಕು. ಇಲ್ಲದಿದ್ದರೆ ಜನ ಕಣ್ಣು ಪೂರ್ತಿ ಸರಿಯಿದೆ ಅಂದುಕೊಂಡು ಸುಮ್ಮನಾಗುತ್ತಾರೆ.

ಇದನ್ನು ಕೇಳುವ ಹಕ್ಕು ನಮಗಿದೆ. ಗೂಗಲ್ ತಂಡ 2016ರಲ್ಲಿ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಂತ್ರಕ್ಕೆ ಕಲಿಸಲು 1,28,175 ಚಿತ್ರ ಬಳಸಿದ್ದರು. ಅಮೆರಿಕದ ಚಿತ್ರಗಳ ಜೊತೆ ಭಾರತದ ಮೂರು ಕಣ್ಣಾಸ್ಪತ್ರೆಗಳ ಚಿತ್ರಗಳೂ ಇದ್ದವು. ಅದರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ನಮ್ಮ ಜನರ ಕಣ್ಣೂ ಆ ಯಂತ್ರಕ್ಕೆ ಪಾಠ ಹೇಳಿದೆ.

ತಪ್ಪಾದರೆ ಯಾರು ಹೊಣೆ ಎನ್ನುವುದೂ ಮುಖ್ಯ. ಎಐ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ, ವೈದ್ಯರಿಗೆ ನೆರವಾಗಬಹುದು ಅಷ್ಟೆ ಎಂದು ನಮ್ಮ ದೇಶದ 2020ರ ಟೆಲಿಮೆಡಿಸಿನ್ (ದೂರದಿಂದಲೇ ವೈದ್ಯರ ಸಲಹೆ) ಮಾರ್ಗಸೂಚಿಯೇ ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎಐ ಬಗ್ಗೆ 2023ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯಲ್ಲೂ ಹೊಣೆಗಾರಿಕೆ, ಸಮಾನತೆ ಎರಡೂ ಇವೆ. ಹಾಗಾಗಿ ಚೀಟಿಯ ಮೇಲೆ ವೈದ್ಯರ ಹೆಸರು, ಸಹಿ ಬೇಕು. ರೆಟಿನಾ ಕೆಟ್ಟಿದ್ದರೆ ಲೇಸರ್ ಚಿಕಿತ್ಸೆ ಎಲ್ಲಿ, ಯಾವ ದಿನ ಸಿಗುತ್ತದೆ ಎಂಬುದೂ ಇರಬೇಕು.

'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆ ಬಾಗಿಲಲ್ಲೇ ಶುಗರ್ ನೋಡುತ್ತಾರೆ. ನಾಳೆ ಅದರ ಜೊತೆಗೆ ಇಂಥ ಕ್ಯಾಮೆರಾ ಬಂದರೆ ಬಹಳ ಒಳ್ಳೆಯದು. ಆಗ ಎಷ್ಟು ಜನರ ಫೋಟೊ ತೆಗೆದೆವು ಎಂದಷ್ಟೇ ಆರೋಗ್ಯ ಇಲಾಖೆ ಹೇಳಿದರೆ ಸಾಲದು. ಎಷ್ಟು ಫೋಟೊ ಓದಲಾಗಲಿಲ್ಲ, ಅವರಲ್ಲಿ ಎಷ್ಟು ಜನರನ್ನು ವೈದ್ಯರು ನೋಡಿದರು ಎಂಬುದನ್ನೂ ತಾಲ್ಲೂಕುವಾರು ಪ್ರಕಟಿಸಲಿ.

– ನಿವೃತ್ತ ನೇತ್ರಾಧಿಕಾರಿ, ಚಳ್ಳಕೆರೆ