ಟೊಮೆಟೊ ಹುಳು ಊಜಿ ಅಲ್ಲ, ಸರಿಯಾದ ಹೆಸರು ಹಾಕಿ

ಮಾನ್ಯ ಸಂಪಾದಕರೇ,

ಟೊಮೆಟೊಗೆ ಊಜಿ ಕಾಟ ಜಾಸ್ತಿಯಾಗಿದೆ ಎಂದು ನಿಮ್ಮ ಪತ್ರಿಕೆಯ ಕೋಲಾರ ಜಿಲ್ಲಾ ಪುಟದಲ್ಲಿ ವರದಿ ಬಂದಿತ್ತು. ಬೆಳೆಗಾರರ ಕಷ್ಟವನ್ನು ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಚಿತ್ರದಲ್ಲಿದ್ದ ಹುಳು ಊಜಿ ಅಲ್ಲ, ಟ್ಯೂಟಾ ಎಂಬ ಪತಂಗದ ಮರಿ. ಹೆಸರಿಗೆ ಯಾಕಿಷ್ಟು ತಕರಾರು ಅಂತ ದಯವಿಟ್ಟು ಪತ್ರವನ್ನು ಪಕ್ಕಕ್ಕಿಡಬೇಡಿ. ಈ ಗೊಂದಲದಿಂದ ನಮ್ಮ ಕಡೆ ರೈತರ ದುಡ್ಡು ಹೋಗುತ್ತಿದೆ.

ಊಜಿ ಎಂದರೆ ಏನು ಅಂತ ರೇಷ್ಮೆ ಸಾಕುವವರನ್ನು ಕೇಳಿ. ಅದು ನೊಣ. ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಬೀಳುತ್ತದೆ. ಆ ಹುಳು ಹೇಗೋ ಗೂಡು ಕಟ್ಟಿದರೂ ಊಜಿ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆಮೇಲೆ ಆ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ಎಕ್ಸೊರಿಸ್ಟಾ ಬಾಂಬಿಸಿಸ್.

ಟೊಮೆಟೊ ಹಾಳು ಮಾಡುತ್ತಿರುವುದು ಪತಂಗದ ಮರಿ. ನೊಣಕ್ಕೆ ಎರಡು ರೆಕ್ಕೆ, ಪತಂಗಕ್ಕೆ ನಾಲ್ಕು. ಇವೆರಡೂ ಬೇರೆ ಬೇರೆ ಗಣಕ್ಕೆ ಸೇರಿದವು. ಈ ಪತಂಗ ಬೂದು ಬಣ್ಣದ್ದು, ಒಂದು ಸೆಂಟಿಮೀಟರ್ ಉದ್ದವೂ ಇಲ್ಲ. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಬಿಳಿಚಿಕೊಂಡ ತೇಪೆ ಕಾಣುತ್ತದೆ. ಒಳಗೆ ಕಪ್ಪು ಹಿಕ್ಕೆ, ಅದರ ಪಕ್ಕದಲ್ಲೇ ಸಣ್ಣ ಹಸಿರು ಹುಳು. ಎಲೆಯ ಮೇಲ್ಪದರಕ್ಕೂ ಕೆಳಪದರಕ್ಕೂ ನಡುವೆ ಕೂತು ತಿನ್ನುತ್ತಿರುತ್ತದೆ, ಹಾಗಾಗಿ ಮೇಲಿಂದ ಹೊಡೆದ ಔಷಧಿ ಎಷ್ಟೋ ಸಲ ಅದಕ್ಕೆ ತಗಲುವುದೇ ಇಲ್ಲ. ಹಣ್ಣಿನಲ್ಲಾದರೆ ತೊಟ್ಟಿನ ಬುಡದಲ್ಲಿ ಸೂಜಿ ಚುಚ್ಚಿದಂಥ ತೂತು. ಅಂಥ ನಾಲ್ಕು ಹಣ್ಣು ಕಂಡರೂ ಸಾಕು, ಮಂಡಿಯಲ್ಲಿ ಇಡೀ ಬಾಕ್ಸ್‌ನ ರೇಟು ಬೀಳುತ್ತದೆ.

ಇದರ ಹೆಸರಿನ ಕತೆ ಕೇಳಿ. 1917ರಲ್ಲಿ ಮೇರಿಕ್ ಎಂಬ ವಿಜ್ಞಾನಿ ಪೆರು ದೇಶದಿಂದ ಬಂದ ಪತಂಗ ನೋಡಿ ಇದಕ್ಕೆ ಥೊರಿಮಿಯಾ ಅಬ್ಸೊಲೂಟಾ ಎಂದು ಹೆಸರಿಟ್ಟರು. ಇದರಲ್ಲಿ ಮೊದಲ ಪದ ಕುಲದ ಹೆಸರು, ಎರಡನೆಯದು ಪ್ರಭೇದದ್ದು. ಆಮೇಲೆ ಬಂದವರು ಇದನ್ನು ಒಂದು ಕುಲದಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ಹೋದರು. 1994ರಲ್ಲಿ ಟ್ಯೂಟಾ ಅಬ್ಸೊಲೂಟಾ ಆಯಿತು. ನಮ್ಮ ದೇಶದಲ್ಲಿ ಈ ಹುಳು ಮೊದಲು ಕಂಡದ್ದು 2014ರಲ್ಲಿ, ಆಗ ಇದ್ದದ್ದು ಇದೇ ಹೆಸರು. 2021ರಲ್ಲಿ ಮತ್ತೆ ಪರೀಕ್ಷೆ ಮಾಡಿ ಮೇರಿಕ್ ಇಟ್ಟ ಕುಲಕ್ಕೇ ವಾಪಸ್ ತಂದರು. ಇಷ್ಟೆಲ್ಲ ಓಡಾಟದಲ್ಲೂ ಅಬ್ಸೊಲೂಟಾ ಅನ್ನುವುದು ಹಾಗೇ ಉಳಿದಿದೆ ನೋಡಿ. ಕುಲ ಬದಲಾದರೂ ಪ್ರಭೇದದ ಹೆಸರು ಕೈಬಿಡಬಾರದು ಅನ್ನುವುದು ನಿಯಮ. ಹಾಗಾಗಿ ಹಳೇ ಪುಸ್ತಕ ಹಿಡಿದವರಿಗೂ ಹೊಸ ವರದಿ ಓದಿದವರಿಗೂ ತಾವು ಮಾತಾಡುತ್ತಿರುವುದು ಒಂದೇ ಹುಳುವಿನ ಬಗ್ಗೆ ಅಂತ ಗೊತ್ತಾಗುತ್ತದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಗಳಿಗೆ, 1758ರಲ್ಲಿ ಪ್ರಾಣಿಗಳಿಗೆ ಈ ಎರಡು ಪದದ ಹೆಸರಿನ ಪದ್ಧತಿ ತಂದರು. ಇವತ್ತಿಗೂ ಅದೇ ನಡೆಯುತ್ತಿದೆ.

ಹೊಲಕ್ಕೆ ಬರೋಣ. ನಮ್ಮ ಪಕ್ಕದ ತೋಟದವರು ಔಷಧಿ ಅಂಗಡಿಗೆ ಹೋಗಿ ಊಜಿ ನೊಣಕ್ಕೆ ಬಲೆ ಕೊಡಿ ಅಂದರು. ನೊಣ ಅಂದಿದ್ದಕ್ಕೆ ಅಂಗಡಿಯವರು ಮಾವಿನ ತೋಪಿನಲ್ಲಿ ಹಣ್ಣುನೊಣಕ್ಕೆ ಕಟ್ಟುವ ಬಲೆ ಕೊಟ್ಟು ಕಳಿಸಿದರು. ಅದರಲ್ಲಿರುವ ಮಿಥೈಲ್ ಯುಜಿನಾಲ್ ವಾಸನೆಗೆ ಗಂಡು ಹಣ್ಣುನೊಣ ಬರುತ್ತದೆ, ಈ ಪತಂಗ ತಿರುಗಿಯೂ ನೋಡುವುದಿಲ್ಲ. ಇದರ ಗಂಡನ್ನು ಸೆಳೆಯಲು ಇದರದ್ದೇ ಹೆಣ್ಣಿನ ವಾಸನೆಯ ಲೂರ್ ಬೇಕು. ಕಾಯಿಕೊರಕ ಅನ್ನುವ ಬೇರೆ ಪತಂಗದ ಲೂರ್ ಕಟ್ಟಿದರೂ ಪ್ರಯೋಜನವಿಲ್ಲ. ಬಲೆ ಖಾಲಿ ಇದೆ, ಹುಳು ಇಲ್ಲ ಅಂತ ಪಕ್ಕದ ತೋಟದವರು ಸುಮ್ನೆ ಕೂತರು. ಗೊತ್ತಾಗುವಷ್ಟರಲ್ಲಿ ತೋಟದ ತುಂಬಾ ಹಬ್ಬಿತ್ತು. ಆಮೇಲೆ ಗಾಬರಿಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆದರು. ನಮ್ಮ ಕಡೆ ಟೊಮೆಟೊ ಬದುವಿನ ಆಚೆಯೇ ಹಿಪ್ಪುನೇರಳೆ ಇರುತ್ತದೆ. ಗಾಳಿಗೆ ಔಷಧಿ ಆ ಸೊಪ್ಪಿನ ಮೇಲೆ ಕೂತರೆ ಅದನ್ನು ತಿಂದ ರೇಷ್ಮೆ ಹುಳು ಸಾಯುತ್ತದೆ.

ಬೆಳೆಯದ್ದೂ ಹೀಗೇ. ಹೆಸರು ಗೊತ್ತಾದರೆ ಅದರ ಕುಟುಂಬವೂ, ಅಂದರೆ ಹತ್ತಿರದ ಕುಲಗಳ ಗುಂಪೂ ಗೊತ್ತಾಗುತ್ತದೆ. ನನಗೆ ಇದು ಇನ್ನೂ ಮುಖ್ಯ ಅನಿಸುತ್ತದೆ. ಟೊಮೆಟೊ, ಬದನೆ, ಆಲೂಗಡ್ಡೆ ಮೂರೂ ಸೊಲೇನಂ ಕುಲದವು. ಟೊಮೆಟೊವನ್ನು ಲಿನೇಯಸ್ 1753ರಲ್ಲೇ ಅಲ್ಲಿ ಇಟ್ಟಿದ್ದರು. ನಂತರದವರು ಲೈಕೊಪರ್ಸಿಕಾನ್ ಅಂತ ಬೇರೆ ಕುಲ ಮಾಡಿದರು. ಡಿಎನ್‌ಎ ನೋಡಿದ ಮೇಲೆ ಮತ್ತೆ ಸೊಲೇನಂಗೇ ಸೇರಿಸಿದ್ದಾರೆ. ಮೆಣಸಿನಕಾಯಿ, ಕ್ಯಾಪ್ಸಿಕಂ ಬೇರೆ ಕುಲವಾದರೂ ಕುಟುಂಬ ಅದೇ. ಟೊಮೆಟೊ ಕಿತ್ತ ಹೊಲಕ್ಕೆ ಬದನೆಯನ್ನೋ ಕ್ಯಾಪ್ಸಿಕಮ್ಮನ್ನೋ ಹಾಕಿ, ಬೆಳೆ ಬದಲಾಯಿಸಿದ್ದೇವೆ ಅಂತ ನಂಬುವವರು ನಮ್ಮಲ್ಲಿ ಬಹಳ ಜನ. ಮಣ್ಣಿನಲ್ಲಿರುವ ದುಂಡಾಣು ಸೊರಗು ರೋಗಕ್ಕೆ ಅವೆಲ್ಲ ಒಂದೇ. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಬಾಡಿ ನಿಲ್ಲುತ್ತದೆ. ರಾಗಿ ಅಥವಾ ಜೋಳ ಹಾಕಿದರೆ ಮಾತ್ರ ಬೆಳೆ ಬದಲಾಯಿಸಿದ ಹಾಗೆ. ಬದುವಿನ ಮೇಲೆ ತಾನಾಗಿ ಬೆಳೆಯುವ ಗಣಿಕೆ ಸೊಪ್ಪೂ ಸೊಲೇನಂ ಕುಲದ್ದೇ. ಬೆಳೆ ಮುಗಿದ ಮೇಲೂ ಟ್ಯೂಟಾ ಅದರಲ್ಲಿ ಬದುಕಿಕೊಂಡು ಮುಂದಿನ ನಾಟಿಗೆ ಕಾಯುತ್ತಿರುತ್ತದೆ.

ರೈತರಿಗೆ ಲ್ಯಾಟಿನ್ ಹೆಸರು ಯಾಕೆ ಅಂತ ಕೇಳುವವರಿದ್ದಾರೆ. ಈ ಮಾತು ನಾನು ಒಪ್ಪುವುದಿಲ್ಲ. ಇಮಿಡಾಕ್ಲೋಪ್ರಿಡ್, ಕ್ಲೋರಾಂಟ್ರಾನಿಲಿಪ್ರೋಲ್ ಅಂತ ಶಾಲೆ ಮೆಟ್ಟಿಲು ಹತ್ತದವರೂ ನಮ್ಮೂರಲ್ಲಿ ಸಲೀಸಾಗಿ ಹೇಳುತ್ತಾರೆ. ಔಷಧಿ ಹೆಸರು ಬಾಯಿಗೆ ಬಂದವರಿಗೆ ಹುಳುವಿನ ಹೆಸರು ಬರುವುದಿಲ್ವಾ? ಟ್ಯೂಟಾ ಅಂತ ಹೇಳುವ ಹುಡುಗರು ಈಗಾಗಲೇ ಇದ್ದಾರೆ. ಊರಿನ ಹೆಸರು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಜನ ಕರೆಯುವ ಹೆಸರಿನ ಜೊತೆಗೇ ಇದನ್ನೂ ಹಾಕಿ ಅಂತಷ್ಟೇ ಕೇಳುತ್ತಿದ್ದೇನೆ.

ಹಾಗಾಗಿ ನಿಮ್ಮ ಕೃಷಿ ಪುಟದಲ್ಲಿ ಕೀಟ, ರೋಗದ ಸುದ್ದಿ ಹಾಕುವಾಗ ವೈಜ್ಞಾನಿಕ ಹೆಸರನ್ನು ಕನ್ನಡ ಅಕ್ಷರದಲ್ಲೇ ಹಾಕಿ. ಹೆಸರು ಬದಲಾಗಿದ್ದರೆ ಹಳೆಯದು, ಹೊಸದು ಎರಡೂ ಇರಲಿ. ಲೂರ್ ಪೊಟ್ಟಣದ ಮೇಲೆ ಈಗಲೂ ಟ್ಯೂಟಾ ಅಂತಲೇ ಇರುವುದು ಸಿಗುತ್ತದೆ. ಹತ್ತಿರದಿಂದ ತೆಗೆದ ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು, ಹುಳುವಿನದ್ದೂ, ಅದು ತಿಂದ ಎಲೆಯದ್ದೂ. ತೋಟಗಾರಿಕೆ ಇಲಾಖೆಯವರು ಮತ್ತು ರೈತ ಸಂಪರ್ಕ ಕೇಂದ್ರದವರು ತಮ್ಮ ಕರಪತ್ರಗಳಲ್ಲೂ ಹೀಗೇ ಮಾಡಲಿ. ಕೋಲಾರದ ಎಪಿಎಂಸಿ ಗೇಟಿನ ಹತ್ತಿರ ಈ ಚಿತ್ರ ಮತ್ತು ಹೆಸರಿನ ಒಂದು ದೊಡ್ಡ ಬೋರ್ಡು ನಿಲ್ಲಿಸಿದರೆ, ಲೋಡ್ ಇಳಿಸಲು ಬಂದವರೆಲ್ಲ ಓದುತ್ತಾರೆ.

ಇತಿ ನಮಸ್ಕಾರಗಳು,
ಟೊಮೆಟೊ ಮತ್ತು ರೇಷ್ಮೆ ಬೆಳೆಗಾರ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ